ಹುಟ್ಟಿನ ದಾಖಲೆ

ಬೈಲಕುಪ್ಪೆಯ ಜೋಳದ ಹೊಲದಲ್ಲಿ ಕಳೆ ಕೀಳುತ್ತೇನೆ,
ದಿನಕ್ಕೆ ನಾನೂರು, ಮಧ್ಯಾಹ್ನದ ಟೀ ಅವರದೇ.
ಹೊಲ ನೋರ್ಬು ಅಜ್ಜನದು.
ಅವನದು ಅಂದರೆ ಸರ್ಕಾರದ್ದು, ಸರ್ಕಾರ ಅವನ ಕೈಲಿಟ್ಟದ್ದು;
ಇದನ್ನು ಅವನೇ ನನಗೆ ತಿದ್ದಿ ಹೇಳಿದ,
ಹಲ್ಲಿಲ್ಲದ ಬಾಯಲ್ಲಿ, ನನಗಿಂತ ಚೆಂದದ ಕನ್ನಡದಲ್ಲಿ.

ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ
ಅವನಿಗೊಂದು ಜಾಗ ತೋರಿಸಿದೆ:
ಅಗೋ, ಬೋರಿನ ಮೋಟಾರು ಮನೆ ಇದೆಯಲ್ಲ,
ಅಲ್ಲೊಂದು ತಾರೆ ಮರ ಇತ್ತಂತೆ.
ಒಂದು ಸಲಕ್ಕೆ ಹನ್ನೊಂದು ಹೆಜ್ಜೇನು ಹುಟ್ಟು.
ನಮ್ಮ ತಾತ ಬೊಳ್ಳ ಕತ್ತಲ ರಾತ್ರಿ ನೋಡಿ
ಹೊಗೆ ಹೊತ್ತು ಅದರ ನೆತ್ತಿಗೆ ಹತ್ತುತ್ತಿದ್ದ,
ಹೆಣ್ಣು ಕೇಳಲು ಬಂದವನ ಹಾಗೆ ಜೇನನ್ನು ಬೇಡಿಕೊಳ್ಳುತ್ತಾ.

ಆ ಮರ ಕಡಿದವನೂ ಅವನೇ.
ಚಳಿ ದೇಶದಿಂದ ಜನ ಬರುತ್ತಾರೆ, ಜಾಗ ಬಿಡಿಸಬೇಕು ಅಂತ
ಜೀಪಿನಲ್ಲಿ ಬಂದವರು ಹೇಳಿದರಂತೆ.
ಕೊಡಲಿ ಅವರದು, ಕೂಲಿ ಮುಕ್ಕಾಲು ರೂಪಾಯಿ.
ಯಾರೂ ಕೇಳಲಿಲ್ಲ, ಬೊಳ್ಳ, ಇದು ಯಾರದು ಅಂತ.
ಕೇಳಿದ್ದರೆ ಏನನ್ನುತ್ತಿದ್ದ?
ಜೇನಿನದು ಅನ್ನುತ್ತಿದ್ದನೇನೋ, ಪೆದ್ದ.
ಅವರು ಬರೆದುಕೊಳ್ಳುತ್ತಿದ್ದರು: ಯಾರದೂ ಅಲ್ಲ.

ನೋರ್ಬು ಅಜ್ಜ ಬಟ್ಟಲು ಕೆಳಗಿಟ್ಟ.
ಆಗ ನನಗೆ ಹದಿನಾಲ್ಕು, ಅಂದ. ಡೇರೆ. ಬಿಸಿಲು.
ಬಂದ ವರ್ಷವೇ ಅಮ್ಮ ಜ್ವರಕ್ಕೆ ಹೋದಳು.
ಆನೆಗೆ ಹೆದರಿ ರಾತ್ರಿಯಿಡೀ ತಗಡು ಬಡಿಯುತ್ತಿದ್ದೆವು.
ಒಬ್ಬ ಕುಳ್ಳ, ಕರಿಯ, ನಗುತ್ತಾ ಬಂದು
ಯಾವ ಸೊಪ್ಪು ತಿನ್ನಬಹುದು, ಯಾವುದು ಬೇಡ ಅಂತ
ತಾನೇ ಅಗಿದು, ತಾನೇ ಉಗಿದು ತೋರಿಸಿದ.
ಹೆಸರು ಕೇಳಲಿಲ್ಲ. ಮಾತು ಬರುತ್ತಿರಲಿಲ್ಲ.

ಅದು ನಮ್ಮ ತಾತ ಅಂತ ನಾನೂ ಹೇಳಲಿಲ್ಲ.
ಕುಳ್ಳಗೆ, ಕರ್ರಗೆ, ನಗುತ್ತಾ ಇದ್ದವರು ಆಗ ಬೇಕಾದಷ್ಟು ಜನ.

ಅವನ ಹತ್ತಿರ ಒಂದು ಪುಸ್ತಕ ಇದೆ, ರಟ್ಟು ಸವೆದದ್ದು.
ಈತ ಹೊರಗಿನವನು ಎಂದು ಅದರಲ್ಲಿ ಮುದ್ರೆ.
ಗಡುವು ತೀರುವ ಮೊದಲು ಇನ್ನೊಂದು ಒತ್ತಿಸಿಕೊಂಡು ಬರಬೇಕು,
ಅರವತ್ತು ವರ್ಷದಿಂದ
ಹೊರಗಿನವನು, ಹೊರಗಿನವನು, ಹೊರಗಿನವನು.
ನನ್ನ ಹತ್ತಿರ
ಇವಳು ಒಳಗಿನವಳು ಎನ್ನುವ ಒಂದು ಚೀಟಿಯೂ ಇಲ್ಲ.
ಎರಡರಲ್ಲಿ ಯಾವುದು ಹಗುರ
ನನಗೆ ಗೊತ್ತಾಗುವುದಿಲ್ಲ.

ಮರ ಹೋದ ಮೇಲೆ ನಮ್ಮವರು ಇನ್ನೂ ಒಳಕ್ಕೆ ಸರಿದರು.
ಅಲ್ಲಿಂದಲೂ ಎಬ್ಬಿಸಿದರು, ನಾನು ದೊಡ್ಡವಳಾದ ವರ್ಷ,
ಈ ಸಲ ಹುಲಿಗೆ ಅಂತ.
ಲಾರಿಯಲ್ಲಿ ತಂದು ಸಾಲುಮನೆಗೆ ಇಳಿಸಿದರು;
ಬಾಗಿಲಿಗೆ ನಂಬರು, ನಾವು ನಲವತ್ತೇಳು.
ಹಕ್ಕಿನ ಅರ್ಜಿ ಮೂರು ಸಲ ಕೊಟ್ಟಿದ್ದೇನೆ.
ಹುಣಸೂರಿನ ಆಫೀಸಿನಲ್ಲಿ ಕೇಳುತ್ತಾರೆ:
ಅಲ್ಲೇ ಇದ್ದಿರಿ ಅನ್ನೋದಕ್ಕೆ ಸಾಕ್ಷಿ?
ಅಜ್ಜಿಯನ್ನು ಹೂತ ಜಾಗ, ಅಂದೆ. ನಾವೇ ನಿಲ್ಲಿಸಿದ ಕಲ್ಲು.
ಫೋಟೊ ಇದೆಯಾ?
ತೆಗೆಯೋಕೆ ಒಳಗೆ ಬಿಡಲ್ಲ ಸ್ವಾಮಿ.
ಸಫಾರಿ ಬಸ್ಸಿದೆಯಲ್ಲಮ್ಮ, ಟಿಕೆಟ್ ತಗೋ.
ನಗಾಡಿದ. ಕೆಟ್ಟವನಲ್ಲ. ಟೀ ಕೊಡಿಸಿದ.

ತಗೊಂಡೆ. ಎರಡು ದಿನದ ಕೂಲಿ.
ಕ್ಯಾಮೆರಾದವರ ನಡುವೆ ಕಿಟಕಿ ಪಕ್ಕ ಸಿಕ್ಕಿತು.
ಹಾಡಿಯ ಜಾಗಕ್ಕೆ ಬಂದಾಗ ಬಸ್ಸು ನಿಂತಿತು,
ನನಗಾಗಿ ಅಲ್ಲ, ಜಿಂಕೆಗೆ.
ಇಲ್ಲಿ ಹುಲ್ಲು ಚೆನ್ನಾಗಿದೆ, ಅಂದ ಗೈಡು, ನೈಸರ್ಗಿಕ ಬಯಲು.
ನಮ್ಮ ರಾಗಿ ಹೊಲ ಅದು.
ಕಲ್ಲು ಕಂಡಿತು. ಇಳಿಯುವ ಹಾಗಿರಲಿಲ್ಲ.
ಮೊಬೈಲು ಎತ್ತಿದೆ, ಕೈ ನಡುಗಿ
ಬಂದದ್ದು ಜಿಂಕೆಯ ಹಿಂಭಾಗ ಮಾತ್ರ.

ಅದನ್ನೇ ಇವತ್ತು ನೋರ್ಬು ಅಜ್ಜನಿಗೆ ತೋರಿಸಿದೆ.
ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು,
ನಮ್ಮೂರಿನದು ಇಷ್ಟೂ ಇಲ್ಲ, ಅಂದ.
ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳಲಾರೆ.

ಮೋಟಾರು ಮನೆಯ ಸೂರಿನಡಿ ಹೊಸದೊಂದು ಹುಟ್ಟು,
ಇನ್ನೂ ಅಂಗೈಯಷ್ಟು.
ಔಷಧಿ ಹೊಡೆಸಲಾ, ಅಂತ ಅವನ ಮೊಮ್ಮಗ ಕೂಗಿದ.
ಬೇಡ, ಅಂದೆವು ಇಬ್ಬರೂ.
ಸ್ವಲ್ಪ ಹೊತ್ತು ಬಿಟ್ಟು ಅಜ್ಜ ಕೇಳಿದ:
ಇಲ್ಲಿ ಮರ ಇತ್ತು ಅಂತ ಇವಕ್ಕೆ ಯಾರು ಹೇಳಿದರು?

ನಾನು ಸೆರಗು ಬಿಗಿದು
ಇನ್ನೆರಡು ಸಾಲು ಕಳೆ ಕಿತ್ತೆ, ಹೊತ್ತು ಮುಳುಗುವ ಮೊದಲು.