ಕೊನೆಯ ಕಾರು

ಬಾಲಾ ಅಂತ ಊರಿನ ಹೆಸರು.
ವೇಲ್ಸ್‌ನಲ್ಲಿ ಒಂದು ಕೆರೆ, ಒಂದು ಬೀದಿ,
ಬೀದಿಗಿಂತ ಉದ್ದನೆಯ ಊರುಗಳ ಹೆಸರು ಹೊತ್ತ ಕೈಕಂಬ.
ಭಾನುವಾರ ಒಂಬತ್ತಕ್ಕೆ ಕೆರೆಯ ದಡದಲ್ಲಿ
ಹನ್ನೊಂದು ಕಾರು, ಹದಿನೇಳು ಜನ, ಎರಡು ನಾಯಿ.
ಕಾರುಗಳೆಲ್ಲ ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು;
ಇಳಿಯುವಾಗ ಎಂಜಿನ್ನಿಗಿಂತ ಜೋರು
ಒಡೆಯರ ಮಂಡಿಗಳ ಸದ್ದು.

ಕಾರ್ಯದರ್ಶಿ ಎಮ್ರಿಸ್ ಪ್ಯೂ
ಕಿವಿಗೆ ಪೆನ್ಸಿಲು ಸಿಕ್ಕಿಸಿ ದಾರಿಯ ಹಾಳೆ ಹಂಚುತ್ತಾನೆ,
ಪಂಕ್ತಿಯಲ್ಲಿ ಉಪ್ಪು ಬಡಿಸುವವನ ಹಾಗೆ
ಒಂದು ಎಲೆಯನ್ನೂ ಬಿಡದೆ.
ನಿಯಮ ಒಂದೇ, ಪ್ರತಿ ಸಲವೂ ಹೇಳುತ್ತಾನೆ:
ಮುಂದಿನವರನ್ನು ಹಿಡಿಯಹೋಗಬೇಡಿ,
ಹಿಂದಿನವರನ್ನು ಕಳೆದುಕೊಳ್ಳಬೇಡಿ.
ತಿರುವು ಬಂತೋ, ನಿಲ್ಲಿ.
ಕನ್ನಡಿಯಲ್ಲಿ ದೀಪ ಕಂಡಮೇಲೆ ಹೊರಡಿ.

ಕೊನೆಯದು ಡೆಲಿತ್ ಪ್ರೋಬರ್ಟಳ ಹಳದಿ ಕಾರು.
ಅವಳ ಕನ್ನಡಿಯಲ್ಲಿ ಬರೀ ದಾರಿ.
ಕೆಟ್ಟು ನಿಂತವರನ್ನು, ತಪ್ಪು ಹಾದಿ ಹಿಡಿದವರನ್ನು,
ಬೇಲಿಯ ಮರೆಗೆ ಹೋದವರನ್ನು
ಗುಡಿಸಿ ತರುವುದು ಅವಳ ಕೆಲಸ.
ಬಾಲಾದಲ್ಲಿ ಬಾಲ.
ಈ ತಮಾಷೆ ಅವಳ ಭಾಷೆಯಲ್ಲಿಲ್ಲ.

ಪಕ್ಕದ ಸೀಟಿನಲ್ಲಿ ಇಡ್ವಾಲ್.
ಮೂವತ್ತು ವರ್ಷ ಸಾಲಿನ ತಲೆಯಲ್ಲಿದ್ದವನು,
ಮಿಕ್ಕವರಿಗೆಲ್ಲ ಧೂಳಿನ ರುಚಿ ತೋರಿಸಿದವನು.
ಹೋದ ಚಳಿಗಾಲ ಕಣ್ಣಿನ ಡಾಕ್ಟರು
ಹಲಗೆಯ ಮೂರನೇ ಸಾಲು ಓದು ಅಂದರೆ
ಹಲಗೆ ಎಲ್ಲಿದೆ ಅಂದ.
ಲೈಸೆನ್ಸು ಅಂಚೆಯಲ್ಲಿ ಹಿಂದಿರುಗಿತು.
ಕಾರು ಮಾರಿದ. ಟೋಪಿ ಉಳಿಸಿಕೊಂಡ.

ಕೆರೆ ಮುಗಿದಲ್ಲಿ ಘಟ್ಟ ಶುರು.
ಅವನ ಬಲಗಾಲು ಬ್ರೇಕು ತುಳಿಯುತ್ತದೆ,
ಅಲ್ಲಿ ರಬ್ಬರಿನ ಹಾಸು ಬಿಟ್ಟರೆ ಏನೂ ಇಲ್ಲ.
ಡೆಲಿತ್ ನೋಡುತ್ತಾಳೆ. ಅನ್ನುವುದಿಲ್ಲ.
ಕಿವಿ ಮಾತ್ರ ಹಾಗೇ ಇದೆ ಅವನದು:
"ಎಮ್ರಿಸ್ ಗೇರು ತಡವಾಗಿ ಇಳಿಸಿದ."
"ಅದು ಗ್ಲೆನಿಸ್. ಸೈಲೆನ್ಸರು ತೂತು, ಹೋದ ವರ್ಷವೇ ಹೇಳಿದ್ದೆ."
"ಒಂದು ಕಮ್ಮಿಯಾಯಿತು."

ಮೂರನೇ ತಿರುವಿನಲ್ಲಿತ್ತು ಆ ಒಂದು.
ಹೊಸ ಸದಸ್ಯ ಮಾಕ್ಸೆನ್, ಬೆಳ್ಳಿ ಬಣ್ಣದ ಹೊಸ ಕಾರು,
ಗಂಟೆಗೆ ನೂರೆಂಬತ್ತು ಮೈಲಿ ಓಡಬಲ್ಲದ್ದು,
ಸುತ್ತ ಕುರಿಗಳು ಮೆಲುಕು ಹಾಕುತ್ತ.
ನಿಯಮದಂತೆ ನಿಂತಿದ್ದ. ಗಾಳಿ ಕೇಳೋಣವೆಂದು ಎಂಜಿನ್ ಆರಿಸಿದ್ದ.
ಕೀಲಿ ಹೆಂಡತಿಯ ಚೀಲದಲ್ಲಿ,
ಹೆಂಡತಿ ಹರಟೆಗೆಂದು ಗ್ಲೆನಿಸಳ ಕಾರಿನಲ್ಲಿ.
ಪರದೆಯ ಮೇಲೆ ಸಭ್ಯ ಅಕ್ಷರ:
ಕೀಲಿ ಕಾಣುತ್ತಿಲ್ಲ.
ಓದಿ ಹೇಳಿದಳು ಡೆಲಿತ್.
"ಇವಕ್ಕೂ ಕಣ್ಣು ಹೋಗುತ್ತದೋ" ಅಂದ ಇಡ್ವಾಲ್.

ಫೋನಿಗೆ ಸಿಗ್ನಲ್ಲಿಲ್ಲ.
ಫ್ಲಾಸ್ಕಿನ ಚಹಾ ಮೂರು ಮುಚ್ಚಳಕ್ಕೆ ಹಂಚಾಯಿತು.
ಆಮೇಲೆ ಇಡ್ವಾಲ್, ಯಾರ ಕಡೆಗೂ ನೋಡದೆ,
"ಒಂದು ಗಳಿಗೆ ಕೂರಲೇ?"
ಮಾಕ್ಸೆನ್ ಬಾಗಿಲು ತೆರೆದ.

ಉಸಿರಿಲ್ಲದ ಕಾರಿನಲ್ಲಿ ಕೂತ ಅವನು
ಟೋಪಿ ಸರಿಮಾಡಿಕೊಂಡು
ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದ,
ಕೆಂಡ ಹಿಡಿದಂತೆ ಮೊದಲು, ಆಮೇಲೆ ಗಟ್ಟಿಯಾಗಿ.
ಅವನಿಗೆ ಕಂಡದ್ದೇನೋ ನಮಗೆ ಗೊತ್ತಿಲ್ಲ.
ಭುಜ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು.
ಪೂರ್ತಿ ಒಂದು ಘಟ್ಟ ಇಳಿದ.
ಮಾಕ್ಸೆನ್ ಕುರಿಗಳನ್ನು ಎಣಿಸತೊಡಗಿದ,
ಡೆಲಿತ್ ಒಣಗಿದ ಮುಚ್ಚಳವನ್ನೇ ಮತ್ತೆ ಮತ್ತೆ ಒರೆಸಿದಳು.

ಅತ್ತ ಮೇಲೆ
ಗ್ಲೆನಿಸಳ ಕನ್ನಡಿಯಲ್ಲಿ ದೀಪ ಮೂಡಲಿಲ್ಲ. ನಿಂತಳು.
ಅವಳ ದೀಪ ಕಾಣದೆ ಮುಂದಿನವನು,
ಅವನದು ಕಾಣದೆ ಅವನ ಮುಂದಿನವನು,
ಕೊನೆಗೆ ಎಮ್ರಿಸ್, ನೆತ್ತಿಯಲ್ಲಿ, ಬೈದುಕೊಳ್ಳುತ್ತ.

"ಬರ್ತಿದ್ದಾರೆ" ಅಂದ ಇಡ್ವಾಲ್. "ತೂತು ಮುಂದೆ."
ಅವರು ತಿರುವು ದಾಟುವ ಮೊದಲೇ ಇಳಿದು
ರಸ್ತೆ ಪಕ್ಕ ನಿಂತು ಜೇಬಿಗೆ ಕೈ ಹಾಕಿಕೊಂಡ.
ಒಂದು ಕೀಲಿ ತರಲು ಒಂಬತ್ತು ಕಾರು ಬಂದವು.
ಅಂಗೈಯಗಲದ ರಸ್ತೆಯಲ್ಲಿ ಅವನ್ನೆಲ್ಲ ಮತ್ತೆ ತಿರುಗಿಸುವುದಕ್ಕೆ
ಮುಕ್ಕಾಲು ಗಂಟೆ. ಕಾದಿಟ್ಟ ಸೂಪು
ಆಚೆ ತಪ್ಪಲಿನ ಹೋಟೆಲಿನಲ್ಲಿ ಆರಿತು.

ಇಳಿಜಾರಿನಲ್ಲಿ ಹಳದಿ ಕಾರು, ಎಲ್ಲರ ಹಿಂದೆ.
"ಮೂರನೇ ಗೇರು" ಅಂದ ಇಡ್ವಾಲ್.
ಅವಳು ಆಗಲೇ ಮೂರರಲ್ಲಿದ್ದಳು.
"ಹಾಕಿದೆ" ಅಂದಳು.