ಹತ್ತೊಂಬತ್ತು ಕಾರುಗಳು

ಮಣ್ಣು ಮಾಡಿ ಬಂದದ್ದು ಶನಿವಾರ.
ಸೋಮವಾರ ನಸುಕಿನ ಐದೂವರೆಗೇ
ಹತ್ತಿ ಗಿರಣಿಯ ಮೂಲೆಯಲ್ಲಿ ಹೆಂಗಸರು ನಿಂತಿದ್ದರು,
ಬಿಳಿಯರ ಮನೆಗಳ ಅಡುಗೆಯವರು, ಇಸ್ತ್ರಿಯವರು,
ಬಸ್ಸು ಹತ್ತೆವೆಂದು ಏಳು ತಿಂಗಳಿಂದ ಹಟ ಹಿಡಿದವರು.

ನಮ್ಮವು ಹತ್ತೊಂಬತ್ತು ಕಾರು.
ಯಾವುದು ಯಾವ ಬೀದಿಗೆ, ಯಾರ ಟೈರು ಸವೆದಿದೆ,
ಪೆಟ್ರೋಲು ಸಾಲ ಕೊಡುವ ಬಂಕು ಯಾವುದು,
ಎಲ್ಲ ಎಲ್ಬರ್ಟ್ ಟ್ಯಾರನ್ಸನ ತಲೆಯಲ್ಲಿತ್ತು.
ಆ ತಲೆಗೇ ಗುರಿಯಿಟ್ಟರು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ
ಅವನ ಕುರ್ಚಿಯ ಮೇಲೆ ಮೂವರ ಕಣ್ಣು.
ಹುಡುಗರು ಬಂದೂಕಿನ ಮಾತೆತ್ತಿದರು.
ಮುದುಕ ಹೊಸಿಯಾ, "ಸಾಕು, ಬಸ್ಸು ಹತ್ತೋಣ" ಎಂದ.
ಬೈಯಲೂ ಯಾರಲ್ಲೂ ದನಿ ಉಳಿದಿರಲಿಲ್ಲ.
ನಿಜ ಹೇಳುತ್ತೇನೆ, ನಾನೂ ಸುಮ್ಮನಿದ್ದೆ.

ವರ್ಲೀನ್,
ಅವನ ಔಷಧಿ ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಿದ್ದವಳು,
ಸಭೆಯಲ್ಲಿ ಎಂದೂ ಬಾಯಿಬಿಡದವಳು,
ಶವಸಂಸ್ಕಾರದ ಕರಪತ್ರ ಮಗುಚಿ
ಅವನ ಮುಖ ಮೇಜಿಗೆ ತಾಗುವಂತೆ ಇಟ್ಟು
ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದಳು.
"ಇದು ಪೆಕನ್ ಬೀದಿ. ಆಮೇಲೆ ಎಲ್ಲಿಗೆ?"
ಒಬ್ಬೊಬ್ಬರಿಗೆ ಒಂದೊಂದು ತಿರುವು ನೆನಪಿತ್ತು.

ಅವನ ಭಾಷಣದ ಒಂದು ಸಾಲೂ ಆ ರಾತ್ರಿ ಯಾರಿಗೂ ಹೊಳೆಯಲಿಲ್ಲ.
ಹೊಳೆದದ್ದು, ಮಿಸ್ ಜರೂಶಾಗೆ ಮಂಡಿನೋವು,
ಅವಳಿಗೆ ಮುಂದಿನ ಸೀಟೇ ಕೊಡಬೇಕು ಎಂಬುದು.

ಸೋಮವಾರ ನಾನು ತಪ್ಪು ಬೀದಿ ಹಿಡಿದೆ.
ನಲವತ್ತು ನಿಮಿಷ ತಡ.
ಜಾರ್ಜಿಯಾದ ಚಳಿಗೆ ಕಾಲು ಕುಟ್ಟುತ್ತ ಅವರು ಅಲ್ಲೇ ಇದ್ದರು.
ಎರಡು ಖಾಲಿ ಬಸ್ಸು ಬಾಗಿಲು ತೆರೆದು ನಿಂತು
ಹಾಗೇ ಹೋದವಂತೆ.
ಮಿಸ್ ಜರೂಶಾ ಮಂಡಿ ಹಿಡಿದು ಒಳಗೆ ಕೂತು,
"ಮೊದಲ ವಾರ ಅವನೂ ಹೀಗೇ ದಾರಿ ತಪ್ಪಿದ್ದ," ಎಂದಳು.