ಘಾಟಿನ ಪಾಲು

ಶುಕ್ರವಾರ, ಮಾಪುಸಾ. ಬೆಳಗಿನ ನಾಲ್ಕೂವರೆ.
ಕಡೋಲಿಯ ಕೋಸು ಲಾರಿಯಿಂದಿಳಿದು
ಎಸ್ಪೆರಾನ್ಸಾಬಾಯಿಯ ತಕ್ಕಡಿ ಹತ್ತಿತು.
ಚೀಟಿಯಲ್ಲಿ ಐವತ್ತು ಕಿಲೋ;
ಮುಳ್ಳು ನಿಂತದ್ದು ನಲವತ್ತೆಂಟೂವರೆಗೆ.

ನಾನು ಲೆಕ್ಕದವಳು. ನನ್ನ ವಹಿಯಲ್ಲಿ ಎರಡೇ ಕಾಲಮ್ಮು:
ಹೊರಟದ್ದು, ಬಂದದ್ದು.
ನಡುವಿನ ಗೆರೆಯೇ ಚೋರ್ಲಾ ಘಾಟು.

'ಒಂದೂವರೆ ಕಿಲೋ ಯಾರು ತಿಂದರು?' ಆಕೆ ಕೊಂಕಣಿಯಲ್ಲಿ.
'ನಿಮ್ಮ ತಕ್ಕಡಿ ಹೊಟ್ಟಿ ನೋಡ್ರಿ' ಭರಮಾ ತನ್ನ ಕನ್ನಡದಲ್ಲಿ.
ಬೈಗುಳಕ್ಕೆ ದುಭಾಷಿ ಬೇಕಾಗಲಿಲ್ಲ.
ಕಣಕುಂಬಿಯ ಚಾದಂಗಡಿಯಲ್ಲಿ ಎರಡು ಗಡ್ಡೆ ಇಳಿದಿವೆ ಎಂದ ಒಬ್ಬ ಹಮಾಲ.
ಬೆಟ್ಟದ ಮೇಲೆ ಸಾಮಾನೆಲ್ಲ ಭಾರ, ಸಮುದ್ರದ ಹತ್ತಿರ ಹಗುರ
ಎಂದ ಇನ್ನೊಬ್ಬ, ಹತ್ತನೇ ಇಯತ್ತೆ ಫೇಲಾದವನು.
'ನಾಳೆಯಿಂದ ನಿಮ್ಮ ಮಾಲು ಬೇಡ.'
'ಕೊಡಂಗೂ ಇಲ್ಲ ತಗೋರಿ.'
ಇಬ್ಬರಿಗೂ ಗೊತ್ತು: ಘಾಟಿನಲ್ಲಿ ಮರ ಬಿದ್ದ ದಿನ
ಇಲ್ಲಿಯ ಒಲೆಗೆ ಪಲ್ಯವಿಲ್ಲ, ಅಲ್ಲಿಯ ಬಾಣಲೆಗೆ ಮೀನಿಲ್ಲ.

ಮರುವಾರ ಭರಮಾ ಒಂದು ಕಲ್ಲು ತಂದ.
ಜಾಂಬೋಟಿಯ ಹೊಳೆಯಲ್ಲಿ ಹೆಕ್ಕಿದ್ದು, ಕುರಿಮರಿಯಷ್ಟು.
ಬೆಳಗಾವಿಯಲ್ಲಿ ತೂಗಿಸಿ, ನಾಲ್ವರ ಸಹಿ ಹಾಕಿಸಿ,
ಒಂದು ಹೆಬ್ಬೆಟ್ಟನ್ನೂ ಒತ್ತಿಸಿದ್ದ.
'ಕಲ್ಲು ಉಸರಾಡಂಗಿಲ್ಲ, ಬಾಯಾರಂಗಿಲ್ಲ.
ಇದನ್ನ ತೂಗ್ರಿ.'

ಹದಿನೆಂಟು ಕಿಲೋ ಇನ್ನೂರು.
ಅಲ್ಲೂ ಅಷ್ಟೇ. ಇಲ್ಲೂ ಅಷ್ಟೇ.
ಮತ್ತೆ ತೂಗಿದರು, ಕೈ ಬದಲಿಸಿ ತೂಗಿದರು,
ಹೂವಿನವಳು ಒದ್ದೆ ಕೈ ಒರೆಸಿಕೊಂಡು ಬಂದು
ತಾನೂ ಎತ್ತಿಟ್ಟು ನೋಡಿದಳು.

ಹಾಗಾದರೆ ಕೋಸೇ ಬೆವರಿದೆ,
ಎಲೆಯೊಳಗಿನ ಎಲೆಯಿಂದ, ರಾತ್ರಿಯಿಡೀ,
ಒಂದೂವರೆ ಕಿಲೋ ನೀರು ಕಾಡಿನ ಮಂಜಿಗೆ.

ಎಸ್ಪೆರಾನ್ಸಾಬಾಯಿ ಒಪ್ಪಲಿಲ್ಲ.
ಒಪ್ಪದಿದ್ದದ್ದು ಒಳ್ಳೆಯದಾಯಿತು.
'ಎರಡೂ ತಕ್ಕಡಿ ಸೇರಿ ಒಂದೇ ಸುಳ್ಳು ಹೇಳಿದರೆ?'

ತೂಕ-ಅಳತೆ ಕಚೇರಿಯ ಸಾವ್ಳೋ ಗಾಂವಕಾರ ಪೆಟ್ಟಿಗೆ ತೆರೆದ.
ನೀಲಿ ಮಖಮಲ್ಲಿನಲ್ಲಿ ಹಿತ್ತಾಳೆಯ ಬಟ್ಟುಗಳು.
ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿಗೂ ತೂಕವಿದೆ ಎಂದ.
'ಇದರ ತಾಯಿ ಯಾರು?' ಕೇಳಿದವಳು ನಾನೇ,
ಬೀಗರ ಗೋತ್ರ ಕೇಳುವ ಹಾಗೆ.
ಪಣಜಿಯ ಬೀರುವಿನಲ್ಲಿದ್ದಾಳೆ. ಅವಳ ತಾಯಿ?
ಇನ್ನೊಂದು ರಾಜ್ಯದ ಪ್ರಯೋಗಶಾಲೆಯಲ್ಲಿ. ಅವಳದು ದೆಹಲಿ.
ದೆಹಲಿಯವಳ ತವರು ಪ್ಯಾರಿಸ್ಸು.
ಅಲ್ಲಿ ಗಾಜಿನ ಗಂಟೆಗಳ ಕೆಳಗೆ ಮೂಲಜ್ಜಿ.
ನೂರು ವರ್ಷದ ಮೇಲೆ ಮಕ್ಕಳೊಡನೆ ತೂಗಿದರೆ
ಕಣ್ಣಿಗೆ ಕಾಣದಷ್ಟು ಅಂತರ ಬಿದ್ದಿತ್ತಂತೆ.
ಅಜ್ಜಿ ಸೊರಗಿದಳೋ, ಮಕ್ಕಳಿಗೆ ಮೈಬಂತೋ,
ಹೇಳುವವರಿಲ್ಲ.
ಅಜ್ಜಿಯನ್ನು ತೂಗಲು ಅಜ್ಜಿಯ ಹೊರತು ಬೇರೆ ಬಟ್ಟಿಲ್ಲ.
ಈಗ ಅವಳನ್ನು ಇಳಿಸಿ, ಅಲ್ಲೊಂದು ಸಂಖ್ಯೆ ಕೂರಿಸಿದ್ದಾರೆ,
ದೇಶದೇಶದವರು ಕೂಡಿ, ಒಪ್ಪಿಗೆ ಹೇಳಿ.

'ಹಂಗಾರ ಪಂಚಾಯ್ತಿನ ಅನ್ರಿ!' ಭರಮಾ ನಕ್ಕ.
ಹೌದು, ಎಂದ ಸಾವ್ಳೋ, ನಗದೆ.
ಆದರೆ ತೂಗಿ ತೂಗಿ ಜಗಳವಾಡಿದ ಮೇಲಿನ ಪಂಚಾಯ್ತಿ.

ತಕ್ಕಡಿ ಸರಿಯಿತ್ತು. ಐದು ಗ್ರಾಂ ಆಚೀಚೆ,
ಅದಕ್ಕೆ ಕಾನೂನಿನ ಕ್ಷಮೆಯಿದೆ.

ಚೀಲಕ್ಕೆ ಒಂದೂವರೆ: ಮುಕ್ಕಾಲು ಅವರಿಗೆ, ಮುಕ್ಕಾಲು ಇವರಿಗೆ.
ನನ್ನ ವಹಿಯಲ್ಲಿ ಮೂರನೆಯ ಕಾಲಮ್ಮು ಎಳೆದೆ,
ಘಾಟಿನ ಪಾಲು ಎಂದು ಬರೆದೆ.
ಬೇಸಿಗೆಗೆ ಎರಡು ಕಿಲೋ.
ಮೆಂತ್ಯದ ಲೆಕ್ಕ ಬೇರೆ, ಅದಿನ್ನೂ ಮುಗಿದಿಲ್ಲ.

ಸಂಜೆ ಅದೇ ಲಾರಿಗೆ ಬಾಂಗಡೆಯ ಪೆಟ್ಟಿಗೆಗಳು ಏರಿದವು,
ಎಸ್ಪೆರಾನ್ಸಾಬಾಯಿಯ ತಂಗಿಯ ಮಾಲು.
ಬೆಳಗಾವಿಯ ಮೀನುಪೇಟೆಯಲ್ಲಿ ಜುಬೇದಾ ಕಾಯುತ್ತಾಳೆ,
ತನ್ನ ತಕ್ಕಡಿ, ತನ್ನ ಅನುಮಾನದೊಡನೆ.
ಲಾರಿ ಹೊರಡುವ ಮೊದಲೇ ಐಸು ಹನಿಯತೊಡಗಿತ್ತು,
ಹಲಗೆಯ ಸಂದಿಯಿಂದ ಟಾರಿನ ಮೇಲೆ, ಒಂದೊಂದೇ.
ಎಸ್ಪೆರಾನ್ಸಾಬಾಯಿ ಅದನ್ನೇ ನೋಡುತ್ತ ನಿಂತು
ಹಮಾಲನನ್ನು ಕೂಗಿ ಕರೆದಳು:
'ಆ ಕಲ್ಲನ್ನೂ ಹಾಕು.'